ಕಲ್ಲುಹುಡುಗ ನೋಡುವ ಕಡೆ

ಹಾರೆ ನೆಲಕ್ಕೆ ಬಿದ್ದು ಠಣ್ ಎಂದು ಮೇಲಕ್ಕೆ ಪುಟಿಯಿತು. ಫರ್ಮಿನ್ ಹಾರೆಯನ್ನೇ ಬೈದ. ಅವನ ಸ್ವಭಾವವೇ ಅಂಥದ್ದು. ಲಾರಿ ಕೆಟ್ಟರೆ ಲಾರಿಯನ್ನು ಬೈಯುತ್ತಾನೆ, ಕುರಿ ಸತ್ತರೆ ಕುರಿಯನ್ನು. ಬೆಳಗಿನಿಂದ ಅಣ್ಣ ತಂಗಿ ಇಬ್ಬರೂ ಸೇರಿ ತೋಡಿದ ಗುಂಡಿ ಇನ್ನೂ ಮೊಳ ಆಳ ದಾಟಿರಲಿಲ್ಲ. ಮೇಲೆ ಒಂದಿಷ್ಟು ಕಂದು ಮಣ್ಣು, ಅದರ ಕೆಳಗೆ ಗಾರೆ ಹಾಕಿ ಬಡಿದಂಥ ಬಿಳಿಯ ಗಟ್ಟಿ ಪದರ. ಹಾರೆ ತಾಗಿದಲ್ಲೆಲ್ಲ ಉಗುರಿನಷ್ಟು ಚಕ್ಕೆ ಏಳುತ್ತಿತ್ತು, ಅಷ್ಟೇ.

ಗುಂಡಿ ಅವರ ಅಮ್ಮನಿಗೆ. ಎಂಗ್ರಾಸಿ ಆ ವಾರ ಮಧ್ಯಾಹ್ನದ ಊಟ ಮುಗಿಸಿ ಕುರ್ಚಿಗೆ ಒರಗಿದವಳು ಮತ್ತೆ ಏಳಲಿಲ್ಲ. ತೊಂಬತ್ತರ ಹತ್ತಿರದ ಜೀವ, ಯಾರ ಕೈಯಲ್ಲೂ ಸೇವೆ ಮಾಡಿಸಿಕೊಳ್ಳದೆ ಹೋಯಿತು. ಮಕ್ಕಳ ಹತ್ತಿರ ಅವಳು ಕೇಳಿಕೊಂಡದ್ದು ಒಂದೇ: "ಪಟ್ಟಣದ ಸ್ಮಶಾನಕ್ಕೆ ಒಯ್ಬೇಡಿ. ಮಗು ಪಕ್ಕ ಮಲಗಿಸಿ." ಶವಪೆಟ್ಟಿಗೆಯೂ ಪಾದ್ರಿಯೂ ಮರುದಿನ ಮಧ್ಯಾಹ್ನ ಪಟ್ಟಣದಿಂದ ಬರುವುದಿತ್ತು. ಈ ಕುರಿಗಾಹಿ ಮನೆತನಗಳಲ್ಲಿ ಗುಂಡಿಯನ್ನು ಮನೆಯವರೇ ತೋಡಬೇಕು. ಆಳು ಹಿಡಿದು ತೋಡಿಸಿದರೆ ನೆಂಟರ ಬಾಯಿಗೆ ಬಿದ್ದ ಹಾಗೆಯೇ.

ಮಗು ಅಂದರೆ ಅವರ ಅಕ್ಕ ಪಾಸ್ಕಲಿನ್. ಈ ಇಬ್ಬರೂ ಹುಟ್ಟುವ ಮೊದಲು, ಇದೇ ನೆವಾಡದ ಬಯಲಿನ ಕುರಿ ಬಿಡಾರದಲ್ಲಿ, ಮಾರ್ಚ್ ತಿಂಗಳ ಚಳಿಯಲ್ಲಿ ಹುಟ್ಟಿ, ಹಾಲು ಹೀರುವುದನ್ನು ಕಲಿಯುವ ಮೊದಲೇ ಹೋದ ಕೂಸು. ಹಿಮ ಬಿದ್ದು ದಾರಿ ಮುಚ್ಚಿತ್ತು. ಅಪ್ಪ ಬೆಟ್ಟಿರಿ ಒಬ್ಬನೇ ಹೋಗಿ ಹೂತು ಬಂದ. ಎಂಗ್ರಾಸಿ ಹಾಸಿಗೆಯಿಂದ ಏಳಲಾರದೆ, ಕಡಲಾಚೆಯ ತವರಾದ ಬಾಸ್ಕ್ ನಾಡಿನಿಂದ ತಂದಿದ್ದ ನೀಲಿ ಗಾಜಿನ ಜಪಸರವನ್ನು ಕೂಸಿನ ಕೈಗೆ ಸುತ್ತಿ ಕಳಿಸಿದಳು. ಆಮೇಲೆ ಅವಳು ಬೇರೆ ಜಪಸರ ಕೊಳ್ಳಲೇ ಇಲ್ಲ. ಉಣ್ಣೆ ಮೂಟೆ ಹೊಲಿಯುವ ದಾರಕ್ಕೆ ಗಂಟು ಹಾಕಿಕೊಂಡು ಸಾಯುವವರೆಗೆ ಆ ಗಂಟುಗಳನ್ನೇ ಎಣಿಸಿದಳು.

ಕೂಸಿನ ಗೋರಿ ಎಲ್ಲಿದೆ ಅನ್ನುವುದರಲ್ಲಿ ಮನೆಯಲ್ಲಿ ಯಾರಿಗೂ ಅನುಮಾನವಿರಲಿಲ್ಲ. ದಿಬ್ಬದ ನೆತ್ತಿಯಲ್ಲಿ ಅಪ್ಪ ಕಟ್ಟಿದ ಆಳೆತ್ತರದ ಕಲ್ಲುಗುಪ್ಪೆ ಇತ್ತಲ್ಲ. ಕುರಿಗಾಹಿಗಳು ಇಂಥ ಗುಪ್ಪೆಯನ್ನು ಕಲ್ಲುಹುಡುಗ ಎನ್ನುತ್ತಾರೆ. ಪ್ರತಿ ಮೇ ತಿಂಗಳಲ್ಲಿ ಕುರಿ ಬೆಟ್ಟ ಹತ್ತುವ ಮೊದಲು ಮನೆಮಂದಿ ಇಲ್ಲಿಗೆ ಬರುತ್ತಿದ್ದರು. ಮಕ್ಕಳು ಮೇಲೆ ಹತ್ತಿ, ಟೊಪ್ಪಿಗಳನ್ನು ಗುಪ್ಪೆಯಿಂದ ಹೊರಚಾಚಿದ ಚಪ್ಪಟೆ ಕಲ್ಲಿಗೆ ನೇತುಹಾಕಿ, ಒಂದೊಂದು ಕಲ್ಲು ಪೇರಿಸಿ, ಪ್ರಾರ್ಥನೆ ಹೇಳಿ ಇಳಿಯುತ್ತಿದ್ದರು. ಎಂಗ್ರಾಸಿ ಮಾತ್ರ ಮಂಡಿ ನೋವೆಂದು ಕೆಳಗೆ ಗಾಡಿಯ ಹತ್ತಿರ ಉಳಿದು ಬುತ್ತಿ ಬಿಚ್ಚುತ್ತಿದ್ದಳು.

ಈಗ ಆ ಚಪ್ಪಟೆ ಕಲ್ಲಿಗೆ ತಂಗಿ ಕಟಾಲಿನಳ ಟೊಪ್ಪಿ ನೇತಾಡುತ್ತಿತ್ತು. ಕಟಾಲಿನ್ ಕೌಂಟಿಯ ಮಣ್ಣುರಸ್ತೆಗಳನ್ನು ಸಮ ಮಾಡುವ ಗ್ರೇಡರ್ ಓಡಿಸುವವಳು. ಚಿಕ್ಕಂದಿನಲ್ಲಿ ಮಣ್ಣು ತಿಂದದ್ದಕ್ಕೆ ಅಮ್ಮನ ಕೈಯಲ್ಲಿ ಏಟು ತಿಂದಿದ್ದಳು, ಈಗ ಅದೇ ಚಟಕ್ಕೆ ಸಂಬಳ ಬರುತ್ತಿತ್ತು. ಎಲ್ಲಿ ನಿಂತರೂ ಒಂದು ಚಿಟಿಕೆ ಎತ್ತಿ, ಉಗುಳು ಹಾಕಿ ಅಂಗೈಯಲ್ಲಿ ತಿಕ್ಕಿ, ಹಲ್ಲಿನಲ್ಲಿ ಕಟುಂ ಎನಿಸಿ ನೋಡದಿದ್ದರೆ ಅವಳಿಗೆ ಸಮಾಧಾನವಿಲ್ಲ. ಗುಂಡಿಯ ಬಿಳಿ ಚಕ್ಕೆಯನ್ನು ನಾಲಿಗೆಗೆ ಮುಟ್ಟಿಸಿದಳು. ಮುಟ್ಟಿಸಿ ಹಾಗೇ ನಿಂತುಬಿಟ್ಟಳು.

"ಫರ್ಮಿನ್, ಒಂದು ನಿಮಿಷ ನಿಲ್ಸು."

"ನಿಲ್ಸಿದ್ರೆ ನಾಳೆ ಪಾದ್ರಿ ಬಂದು ನಿನ್ನನ್ನೇ ಹೂಳ್ತಾರೆ. ಹಾರೆ ಹಿಡಿ."

"ಅಪ್ಪನ ಹತ್ರ ಅವತ್ತು ಏನಿತ್ತು ಹೇಳು? ಬಿಡಾರದ ಒಂದು ಸಲಿಕೆ. ಅದೂ ಒಲೆ ಬೂದಿ ಎತ್ತೋದು. ಮಾರ್ಚ್ ತಿಂಗಳು, ನೆಲ ಹೆಪ್ಪುಗಟ್ಟಿ ಕಬ್ಬಿಣ ಆಗಿತ್ತು ಅಂತ ಅಮ್ಮ ಹೇಳ್ತಿರ್ಲಿಲ್ವಾ? ನಾವಿಬ್ರು ಮೇ ತಿಂಗಳಲ್ಲಿ, ಹಾರೆ ಪಿಕಾಸಿ ಇಟ್ಕೊಂಡು ಮೊಳ ಇಳಿದಿಲ್ಲ. ಅಪ್ಪ ಒಬ್ನೇ ಹೆಂಗೆ ತೋಡಿದ?"

"ಅಪ್ಪ ಗಟ್ಟಿ ಮನುಷ್ಯ."

"ಅಪ್ಪ ಗಟ್ಟಿ, ಒಪ್ಕೊಂಡೆ. ಸಲಿಕೆ?"

ಫರ್ಮಿನ್ ಹಣೆಯ ಬೆವರು ಒರೆಸಿಕೊಂಡ. "ನಿಂದು ಯಾವಾಗ್ಲೂ ಇದೇ ಆಯ್ತು. ಅಂಗೈ ಹುಣ್ಣಿಗೆ ಕನ್ನಡಿ ಬೇಕಾ? ಕಲ್ಲು ಕಣ್ಮುಂದೆ ನಿಂತಿದೆ. ಅಪ್ಪ ಕೈಯಾರೆ ಕಟ್ಟಿದ್ದು. ಮಗು ಇಲ್ದೆ ಸುಮ್ನೆ ಕಟ್ತಾನಾ?"

"ಗೊತ್ತಿಲ್ಲ. ಆದ್ರೆ ಈ ನೆಲದೊಳಗೆ ಯಾರೂ ಯಾವತ್ತೂ ಯಾರನ್ನೂ ಹೂತಿಲ್ಲ. ನೀನೇ ನೋಡು, ಬಿಳಿ ಪದರ ಒಂದು ಕಡೆನೂ ಒಡೆದಿಲ್ಲ."

"ಈಗ ಒಡೆಯುತ್ತೆ ನೋಡು," ಎಂದು ಫರ್ಮಿನ್ ಫೋನು ತೆಗೆದ. ಪಕ್ಕದ ದನಕರುಗಳ ರಾಂಚಿನ ವರ್ಲಿನ್ ಹತ್ತಿರ ಬಂಡೆ ಒಡೆಯುವ ಯಂತ್ರವಿತ್ತು. ಗಂಟೆಯೊಳಗೆ ತರುತ್ತೇನೆಂದು ಅವನು ಆಚೆಯಿಂದ ಕೂಗಿದ್ದು ಕಟಾಲಿನಳಿಗೂ ಕೇಳಿಸಿತು.

ಅವಳು ಬಿಳಿ ಚಕ್ಕೆಯನ್ನು ಗುಂಡಿಗೆ ಎಸೆದಳು. ಯಂತ್ರ ಹಾಕಿದರೆ ಗುಂಡಿಯೇನೋ ಆಗುತ್ತದೆ. ಆದರೆ ಮಗು ಇಲ್ಲಿಲ್ಲದಿದ್ದರೆ ಅಮ್ಮನನ್ನು ಬರೀ ಕಲ್ಲಿನ ಪಕ್ಕ ಮಲಗಿಸಿ ಹೋದಂತಾಗುತ್ತದೆ. ಒಂದೇ ಒಂದು ಆಸೆ ಹೇಳಿಕೊಂಡವಳಿಗೆ ಅದನ್ನೂ ಸರಿಯಾಗಿ ಮಾಡದಿದ್ದರೆ ಮಕ್ಕಳಿದ್ದು ಏನು ಬಂತು? ಅಣ್ಣನಿಗೆ ಇದನ್ನು ಹೇಳಿ ಪ್ರಯೋಜನವಿರಲಿಲ್ಲ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಗಾದೆ ಈ ಇಬ್ಬರನ್ನು ನೋಡಿಯೇ ಹುಟ್ಟಿದ್ದೇನೋ.

ಅವಳು ಸುತ್ತಲೂ ನೋಡಿದಳು. ದಿಬ್ಬದ ಮೇಲೆ ಸೇಜ್ ಪೊದೆಗಳು ಪಾದದ ಗಂಟಿನೆತ್ತರ. ನಮ್ಮ ಮಾಚಿಪತ್ರೆಯ ಕುಲದ್ದೇ ಗಿಡ ಇದು, ಅದೇ ಘಾಟು, ಅದೇ ಬೂದುಬಣ್ಣ. ಕಾಂಡ ಮಾತ್ರ ಮರದಂತೆ ಸೀಳಿಕೊಂಡಿರುತ್ತದೆ. ಇಲ್ಲಿನವರು ನೆಲ ನೋಡುವ ಮೊದಲು ಪೊದೆ ನೋಡುತ್ತಾರೆ. ಪೊದೆ ಕುಳ್ಳಗಿದ್ದರೆ ಅಡಿಯಲ್ಲಿ ಮಣ್ಣು ತೆಳು, ಬೇಲಿ ಕಂಬ ನೆಡುವ ಯೋಚನೆ ಬಿಡಬೇಕು. ಕುದುರೆ ಮೇಲಿನ ಸವಾರ ಮರೆಯಾಗುವಷ್ಟು ಎತ್ತರ ಬೆಳೆದಿದ್ದರೆ ಮಣ್ಣು ಆಳ. ಇದು ಬೆಟ್ಟಿರಿಗೆ ಗೊತ್ತಿರಲಿಲ್ಲವೆ? ಅರ್ಧ ಆಯುಸ್ಸು ಈ ಪೊದೆಗಳ ನಡುವೆ ಕಳೆದವನು, ಇಡೀ ಬಯಲಿನಲ್ಲಿ ಅಗೆಯಲು ಅತಿ ಕಷ್ಟದ ಜಾಗವನ್ನೇ ಹುಡುಕಿ ಯಾಕೆ ಬಂದ?

ಇನ್ನೊಂದಿಷ್ಟು ತಿರುಗಾಡಿ ಬರೋಣವೆಂದು ಟೊಪ್ಪಿ ತೆಗೆದುಕೊಳ್ಳಲು ಕೈ ಚಾಚಿದಳು. ಟೊಪ್ಪಿ ಕೈಗೆ ಬಂತು, ಕಲ್ಲು ಬರಿದಾಯಿತು. ಉದ್ದನೆಯ, ಚಪ್ಪಟೆಯ, ಮುಂದಕ್ಕೆ ಚಾಚಿದ ಕಲ್ಲು. ಇಷ್ಟು ವರ್ಷ ಅದರ ಮೇಲೆ ಟೊಪ್ಪಿ, ಕೋಟು, ನೀರಿನ ಚೀಲ ಏನಾದರೊಂದು ಇದ್ದೇ ಇರುತ್ತಿತ್ತು.

ಅಪ್ಪ ತೀರಿಕೊಂಡಾಗ ಅವಳು ಸಣ್ಣವಳು. ಆದರೂ ಒಂದು ಮಾತು ನೆನಪಿತ್ತು. ಬೆಟ್ಟದಲ್ಲಿ ಕುದುರೆಯ ಮುಂದೆ ಕೂರಿಸಿಕೊಂಡು ಹೋಗುವಾಗ, ದೂರದಲ್ಲಿ ಯಾರೋ ಕಟ್ಟಿದ ಕಲ್ಲುಹುಡುಗ ಕಂಡರೆ ಅಪ್ಪ ಹೇಳುತ್ತಿದ್ದ: "ಅವನ ಮುಖ ನೋಡ್ಬೇಡ ಪುಟ್ಟಿ, ಅವನು ನೋಡೋ ಕಡೆ ನೋಡು." ನೋಡಿದರೆ ಆ ಕಡೆ ಒಂದು ಒರತೆ ಇರುತ್ತಿತ್ತು, ಇಲ್ಲವೆ ಯಾರದೋ ಬಿಡಾರ. ಹೊರಚಾಚಿದ ಕಲ್ಲೇ ಕಲ್ಲುಹುಡುಗನ ಮೂಗು, ಅದು ಯಾವ ಕಡೆಗೋ ಆ ಕಡೆಗೆ ದಾರಿ. ಕುರಿಗಾಹಿಗಳ ಮಕ್ಕಳಾಗಿ ಹುಟ್ಟಿ, ಲಾರಿ ಗ್ರೇಡರ್ ಓಡಿಸಿಕೊಂಡು ದಾರಿಗೆ ಫಲಕ ಓದುವುದನ್ನು ಕಲಿತವರು, ಮೂಗಿಗೆ ಟೊಪ್ಪಿ ಹಾಕಿ ಅದೇ ಗೂಟ ಅಂದುಕೊಂಡಿದ್ದರು.

ಕಟಾಲಿನ್ ಕಲ್ಲಿಗೆ ಕೆನ್ನೆ ತಾಗಿಸಿ, ಒಂದು ಕಣ್ಣು ಮುಚ್ಚಿ ನೋಡಿದಳು. ಕೆಳಗೆ, ಎರಡು ಇಳಿಜಾರುಗಳ ನಡುವಿನ ತಗ್ಗಿನಲ್ಲಿ ಎತ್ತರದ ಸೇಜ್ ಪೊದೆಗಳ ಒಂದು ಪಟ್ಟಿ. ಅಲ್ಲಿ ಒರತೆಯಿಲ್ಲ, ಬಿಡಾರವಿಲ್ಲ. ಅಮ್ಮ ಗಾಡಿ ನಿಲ್ಲಿಸಿ ಬುತ್ತಿ ಬಿಚ್ಚುತ್ತಿದ್ದ ಜಾಗ ಅದು.

"ಎಲ್ಲಿಗೆ?" ಎಂದು ಫರ್ಮಿನ್ ಕೂಗಿದ.

"ಊಟಕ್ಕೆ!" ಎಂದು ಅವಳು ಇಳಿದೇ ಇಳಿದಳು.

ತಗ್ಗಿಗೆ ಬಂದೊಡನೆ ಕಾಲಡಿಯ ಸದ್ದು ಬದಲಾಯಿತು. ಮೇಲೆ ಚಕ್ಕೆಗಲ್ಲಿನ ಸದ್ದು, ಇಲ್ಲಿ ಮೆತ್ತಗೆ. ಅವಳು ಮಂಡಿಯೂರಿ ಒಂದು ಮುಷ್ಟಿ ಎತ್ತಿದಳು. ಮರಳು, ರವೆಯಂಥ ಮರಳು. ಯಾವುದೋ ಕಾಲದಲ್ಲಿ ಪಡುವಣದ ಕಡೆ ದೊಡ್ಡ ಸರೋವರವಿದ್ದು, ಅದು ಬತ್ತಿದ ಮೇಲೆ ದಡದ ಮರಳು ಗಾಳಿಗೆ ಹಾರಿಬಂದು ತಗ್ಗುಗಳಲ್ಲಿ ಕೂತಿತಂತೆ. ಮೇಲೆ ಒಣಗಿ ಬೆರಳಸಂದಿಯಿಂದ ಜಾರುತ್ತಿತ್ತು. ಎರಡು ಬೆರಳು ಕೆಳಗೆ ಹೋದರೆ ತಂಪು. ಹಿಡಿದು ಹಿಸುಕಿದರೆ ಉಂಡೆಯಾಗುತ್ತದೆ, ಹೆಬ್ಬೆರಳಲ್ಲಿ ಒತ್ತಿ ನಾಲಿಗೆಯಂತೆ ಎಳೆಯಲು ಹೋದರೆ ಉದುರುತ್ತದೆ. ಹಲ್ಲಿಗೆ ಹಾಕಿದಳು, ಕರಕರ ಎಂದಿತು. ಅವಳಿಗೆ ನಗು ಬಂತು. ಚಳಿಗಾಲದಲ್ಲಿ ಜೇಡಿರಸ್ತೆಯ ಮೇಲೆ ಗ್ರೇಡರಿನ ಅಲಗು ಕಿಡಿ ಹಾರಿಸುತ್ತದೆ, ಅದೇ ದಿನ ಮರಳುರಸ್ತೆ ಹಿಟ್ಟಿನಂತೆ ಸರಿಯುತ್ತದೆ. ನೀರನ್ನು ಹಿಡಿದಿಟ್ಟುಕೊಳ್ಳದ ಮಣ್ಣು, ಹೆಪ್ಪುಗಟ್ಟಲು ಅದರೊಳಗೆ ಏನಿರುತ್ತದೆ? ಇಡೀ ಬಯಲು ಕಬ್ಬಿಣವಾಗಿದ್ದ ಆ ಮಾರ್ಚ್ ತಿಂಗಳಲ್ಲಿ, ಬೂದಿ ಸಲಿಕೆ ಹಿಡಿದ ಮನುಷ್ಯನಿಗೆ ಬಾಗಿಲು ತೆರೆಯಬಹುದಾಗಿದ್ದ ನೆಲ ಇದೊಂದೇ.

ಪೊದೆಗಳ ನಡುವೆ ನುಗ್ಗಿದಳು. ಒಳಗೆ ಒಂದು ಬಯಲಾದ ಜಾಗವಿತ್ತು, ಅಲ್ಲಿ ಅಮ್ಮ ಕೂರುತ್ತಿದ್ದ ಹಳೆಯ ತಗಡಿನ ಬಕೆಟ್ ಬೋರಲಾಗಿ ಬಿದ್ದಿತ್ತು. ಗಾಳಿ ಅದರ ಒಂದು ಬದಿಗೆ ಮರಳು ಪೇರಿಸಿತ್ತು. ಬಕೆಟ್ಟಿನಿಂದ ಮಾರು ದೂರದಲ್ಲಿ ಕೆಂಪಿರುವೆಗಳ ಗುಡ್ಡೆ. ಅಮ್ಮ ಕಾಫಿ ಕುಡಿಯುತ್ತ, ಒಂದು ಸಕ್ಕರೆ ಗಟ್ಟಿಯನ್ನು ಪುಡಿ ಮಾಡಿ ಆ ಇರುವೆಗಳಿಗೆ ಹಾಕುತ್ತಿದ್ದಳು. ಮಕ್ಕಳು ಗೇಲಿ ಮಾಡುತ್ತಿದ್ದರು. ಮಂಡಿ ನೋವಂತೆ! ಬೇಸಿಗೆಯ ಕೂಟದಲ್ಲಿ ಬೆಳಗಿನವರೆಗೆ ಕುಣಿಯುವಾಗ ಆ ಮಂಡಿಗೆ ಏನೂ ಆಗುತ್ತಿರಲಿಲ್ಲ ಅನ್ನುವುದು ಕಟಾಲಿನಳಿಗೆ ಈಗ ಹೊಳೆಯಿತು.

ಈ ಸೀಮೆಯ ಇರುವೆಗಳು ಆಳಕ್ಕೆ ತೋಡಿ, ಒಳಗೆ ಸಿಕ್ಕ ಸಣ್ಣ ಹರಳುಗಳನ್ನು ಮೇಲೆ ತಂದು ಗುಡ್ಡೆಗೆ ಹೊದಿಸುತ್ತವೆ. ಇಲ್ಲಿ ಬೆಳೆದ ಯಾವ ಮಗುವೂ ಇರುವೆ ಗುಡ್ಡೆ ನೋಡದೆ ಮುಂದೆ ಹೋಗುವುದಿಲ್ಲ. ಕಟಾಲಿನ್ ಹೊಟ್ಟೆಯ ಮೇಲೆ ಮಲಗಿ ಕಣ್ಣು ಹತ್ತಿರ ಒಯ್ದಳು. ಸುತ್ತಲೂ ಮರಳು ಮಾತ್ರವಿರುವ ಜಾಗದಲ್ಲಿ ಗುಡ್ಡೆಯ ಮೇಲೆ ಬಿಳಿ ಸುಣ್ಣದ ಕಾಳುಗಳಿದ್ದವು, ಕಪ್ಪು ಹರಳುಗಳಿದ್ದವು. ನೆತ್ತಿಯ ಹತ್ತಿರ ಒಂದು ನೀಲಿ ಚುಕ್ಕೆ ಇತ್ತು. ಊದಿದಳು. ಚುಕ್ಕೆ ಹೊರಳಿ, ನಡುವಿನ ತೂತು ಕಾಣಿಸಿತು.

ಅವಳಿಗೆ ಸ್ವಲ್ಪ ಹೊತ್ತು ಉಸಿರಾಡುವುದೇ ಮರೆತುಹೋಯಿತು. ಒಂದು ಇರುವೆ ಕೈ ಕಚ್ಚಿದಾಗ ನೆನಪಾಯಿತು.

ವರ್ಲಿನನ ಲಾರಿ ಯಂತ್ರ ಎಳೆದುಕೊಂಡು ಬಂದಾಗ ಫರ್ಮಿನ್ ಮುಖ ಗಂಟು ಹಾಕಿಕೊಂಡು ದಿಬ್ಬ ಇಳಿದು ಬಂದ. ವರ್ಲಿನ್ ಎಲ್ಲದಕ್ಕೂ ತಲೆ ಹಾಕುವ, ಎಲ್ಲರಿಗೂ ಬೇಕಾದ ಮನುಷ್ಯ. "ಏನಮ್ಮ, ಗುಂಡಿ ತೋಡೋದು ಬಿಟ್ಟು ಇರುವೆ ಎಣಿಸ್ತಾ ಮಲಗಿದ್ದೀಯ? ಕೌಂಟಿ ಕೆಲಸದವರು ಎಲ್ಲಿ ಹೋದ್ರೂ ಅಷ್ಟೇ," ಎಂದ.

ಕಟಾಲಿನ್ ಅಂಗೈ ತೆರೆದು ಅಣ್ಣನ ಮುಂದೆ ಹಿಡಿದಳು.

ಫರ್ಮಿನ್ ಕನ್ನಡಕ ಹಾಕಿಕೊಂಡು ನೋಡಿದ, ಕನ್ನಡಕ ತೆಗೆದು ನೋಡಿದ. "ಪಯೂಟ್ ಬುಡಕಟ್ಟಿನವರ ಹಳೇ ಮಣಿ ಇರ್ಬೇಕು," ಎಂದ. ದನಿ ಮೊದಲಿನಷ್ಟು ಜೋರಿರಲಿಲ್ಲ. "ನಾವು ಚಿಕ್ಕೋರಿದ್ದಾಗ ಗುಡ್ಡೆಗಳಲ್ಲಿ ಇಂಥವು ಎಷ್ಟು ಸಿಕ್ಕಿಲ್ಲ?"

"ಸಿಕ್ಕಿವೆ. ಅದಕ್ಕೇ ಮಣಿ ಮಾತು ನಂಬಬೇಡ. ಮಣ್ಣನ್ನೇ ಕೇಳೋಣ."

"ಮಣ್ಣು ಮಾತಾಡುತ್ತಾ?"

"ಬಿಳಿ ಪದರ ಬೆಳಗಿಂದ ನಿನ್ನ ಹಾರೆಗೆ ಏನು ಹೇಳ್ತಿತ್ತು ಮತ್ತೆ?"

ವರ್ಲಿನ್ ಗೊಳ್ಳೆಂದು ನಕ್ಕ. ಫರ್ಮಿನ್ ಅವನನ್ನೂ ಬೈದು, ಸಲಿಕೆ ಎತ್ತಿಕೊಂಡ. ಇರುವೆ ಗುಡ್ಡೆಯಿಂದ ಒಂದಿಷ್ಟು ದೂರ ಬಿಟ್ಟು, ಬಕೆಟ್ಟಿನ ಆಚೆ ಬದಿಯಲ್ಲಿ ಅಗೆಯಲು ಶುರುಮಾಡಿದರು. ಸಲಿಕೆ ಬೆಣ್ಣೆಗೆ ಇಳಿದಂತೆ ಇಳಿಯಿತು. ಬೆಳಗ್ಗೆಯೆಲ್ಲ ಬೆನ್ನು ಮುರಿದುಕೊಂಡ ಫರ್ಮಿನ್ ಅದನ್ನೇ ಅವಮಾನವೆಂದುಕೊಂಡು ಇನ್ನಷ್ಟು ಜೋರಾಗಿ ಎತ್ತಿ ಎಸೆದ. ಬದಿಗಳು ಸರಸರನೆ ಜಾರತೊಡಗಿದಾಗ ವರ್ಲಿನ್ ಲಾರಿಯಿಂದ ಹಲಗೆಗಳನ್ನು ತಂದು ಎರಡು ಬದಿಗೆ ಒತ್ತುಕೊಟ್ಟ. ಮರಳಿನ ಗುಣವೇ ಅದು, ಬೇಗ ಬಿಟ್ಟುಕೊಡುತ್ತದೆ, ಅಷ್ಟೇ ಬೇಗ ವಾಪಸು ಕೇಳುತ್ತದೆ.

ಸೊಂಟದಾಳ ಹೋದ ಮೇಲೆ ಕಟಾಲಿನ್ ಒಳಗಿಳಿದು ಗೋಡೆಗಳನ್ನು ಕೈಯಿಂದ ನಯವಾಗಿ ಸವರಿದಳು. ಗುಡ್ಡೆಯಿಂದ ದೂರದ ಗೋಡೆಯಲ್ಲಿ ಎಲ್ಲವೂ ಮಡಿಸಿಟ್ಟ ಕಂಬಳಿಗಳಂತೆ ಅಚ್ಚುಕಟ್ಟು. ಮೇಲೆ ಕಂದು, ಬೇರುಗಳ ಜಾಲ. ಅದರಡಿಗೆ ತಿಳಿಗಂದು. ತಳದಲ್ಲಿ ಬಿಳಿ ಸುಣ್ಣದ ಚುಕ್ಕೆಗಳು ಚೆಲ್ಲಿದ ಪದರ. ಗುಡ್ಡೆಯ ಕಡೆಯ ಗೋಡೆಯಲ್ಲೂ ಅಗಲದ ಅರ್ಧದವರೆಗೆ ಹಾಗೆಯೇ ಇತ್ತು. ಅಲ್ಲಿಂದಾಚೆ ಕಂಬಳಿಗಳೆಲ್ಲ ಕಲಸಿಹೋಗಿದ್ದವು. ಬಿಳಿ ಚೂರುಗಳು ಕಂದು ಮಣ್ಣಿನಲ್ಲಿ ಮೇಲಿನವರೆಗೂ ಚದುರಿದ್ದವು.

"ಊಟದ ಡಬ್ಬಿಯಲ್ಲಿ ಮೆಣಸಿನಕಾಯಿ ಉಪ್ಪಿನಕಾಯಿ ಇದೆಯಾ?" ಎಂದು ಅವಳು ಕೇಳಿದಳು.

"ಈಗ ಹಸಿವಾಯ್ತಾ ನಿಂಗೆ?"

"ಬಾಟಲಿ ಕೊಡು ಮಾರಾಯ."

ಬಾಟಲಿಯ ವಿನೆಗರ್ ಹುಳಿನೀರನ್ನು ಮೊದಲು ಅಚ್ಚುಕಟ್ಟು ಗೋಡೆಯ ಮೇಲ್ಭಾಗಕ್ಕೆ ಒಂದು ಹನಿ ಬಿಟ್ಟಳು. ಹನಿ ಸುಮ್ಮನೆ ಇಂಗಿತು. ತಳದ ಬಿಳಿ ಪದರಕ್ಕೆ ಬಿಟ್ಟಳು. ಸುಣ್ಣಕ್ಕೆ ಹುಳಿ ತಾಗಿ ಜುಸ್ ಎಂದು ಸಣ್ಣ ನೊರೆ ಎದ್ದಿತು. ಮೂರೂ ಜನ ತಲೆ ಬಗ್ಗಿಸಿ ಕಿವಿಗೊಟ್ಟರು. ಆಮೇಲೆ ಕಲಸಿದ ಕಡೆ, ಹುಲ್ಲಿನ ಬೇರಿನ ಹತ್ತಿರವೇ ಇದ್ದ ಒಂದು ಬಿಳಿ ಚೂರಿಗೆ ಬಿಟ್ಟಳು. ಅದೂ ಜುಸ್ ಎಂದಿತು.

"ತಳದ ಸುಣ್ಣ ಇಷ್ಟು ಮೇಲೆ ತಾನಾಗಿ ಬರಲ್ಲ," ಎಂದಳು ಕಟಾಲಿನ್. "ಯಾರೋ ಒಮ್ಮೆ ಕೆಳಗಿನವರೆಗೆ ತೋಡಿ, ತಿರುಗಿ ಮುಚ್ಚಿದ್ದಾರೆ."

"ಬ್ಯಾಡ್ಜರ್ ಪ್ರಾಣಿ ತೋಡಿರ್ಬಹುದಲ್ಲ?" ವರ್ಲಿನ್ ಕೇಳಿದ. ತಮಾಷೆಗಲ್ಲ, ಅವನಿಗೂ ತಿಳಿಯಬೇಕಿತ್ತು.

ಉತ್ತರ ಕೊಟ್ಟವನು ಫರ್ಮಿನ್. ಅವನು ಗುಂಡಿಯೊಳಗೆ ಕೂತು, ಅಚ್ಚುಕಟ್ಟು ಮಣ್ಣು ಮುಗಿದು ಕಲಸಿದ ಮಣ್ಣು ಶುರುವಾಗುವ ಗೆರೆಯ ಉದ್ದಕ್ಕೂ ಬೆರಳು ಆಡಿಸುತ್ತಿದ್ದ. ಗೆರೆ ಮೇಲಿಂದ ಕೆಳಗೆ ನೆಟ್ಟಗಿತ್ತು. "ಬ್ಯಾಡ್ಜರ್ ಇಷ್ಟು ನೆಟ್ಟಗೆ ತೋಡಲ್ಲ," ಎಂದ. "ಇದು ಸಲಿಕೆ ಬಾಯಿ. ಎಷ್ಟು ಸಣ್ಣ ಗುಂಡಿ ನೋಡು. ಅಷ್ಟು ಸಣ್ಣ ಗುಂಡಿನ ಎಷ್ಟು ಆಳಕ್ಕೆ ಒಯ್ದಿದ್ದಾನೆ ಅಪ್ಪ, ನರಿ ಗಿರಿ ಕೆದಕಬಾರದು ಅಂತ."

ಆಮೇಲೆ ಅವನು, "ಈ ಕಡೆ ಇನ್ನು ಯಾರೂ ಸಲಿಕೆ ಹಾಕ್ಬೇಡಿ," ಎಂದ. ಮೇಲೆ ಹತ್ತಿ ಬಂದು ಅಮ್ಮನ ಬಕೆಟ್ಟಿನ ಮೇಲೆ ಕೂತ. ಅಲ್ಲಿ ಕೂತರೆ ದಿಬ್ಬದ ಕಲ್ಲುಹುಡುಗ ನೇರ ಎದುರಿಗೆ ಕಾಣುತ್ತಿದ್ದ. ಆಕಾಶಕ್ಕೆ ಬೆನ್ನು ಕೊಟ್ಟು, ಮೂಗು ಕೆಳಗೆ ಮಾಡಿ, ಇತ್ತಲೇ ನೋಡುತ್ತಿದ್ದ. ಹಿಮ ಬಿದ್ದರೂ ಮರಳು ಹಾರಿದರೂ ಗುರುತು ತಪ್ಪದಿರಲೆಂದು ಬೆಟ್ಟಿರಿ ಅವನನ್ನು ಅಲ್ಲಿ ನಿಲ್ಲಿಸಿದ್ದ. ಮರಳಿನಲ್ಲಿ ಕಲ್ಲು ನಿಲ್ಲುವುದಿಲ್ಲ, ವರ್ಷ ಕಳೆದಂತೆ ಹೂತುಹೋಗುತ್ತದೆ.

"ಅಮ್ಮನಿಗೆ ಗೊತ್ತಿತ್ತು," ಎಂದ ಫರ್ಮಿನ್.

"ಗೊತ್ತಿತ್ತು. ನಮಗೂ ಗೊತ್ತಿದೆ ಅಂದ್ಕೊಂಡಿದ್ಲು. ಕುರಿಗಾಹಿ ಮಕ್ಕಳಿಗೆ ಕಲ್ಲುಹುಡುಗನ ಅರ್ಥ ಬಿಡಿಸಿ ಹೇಳ್ಬೇಕು ಅಂತ ಯಾರಿಗೆ ಹೊಳೆಯುತ್ತೆ?"

"ನಾನು ಮೇಲಿಂದ ಕೂಗ್ತಿದ್ದೆ ಕಣೇ. ನೆನಪಿದೆಯಾ? 'ಅಮ್ಮಾ, ನಿನ್ನ ಮಗು ಇಲ್ಲಿದೆ, ನೀನು ಅಲ್ಲಿ ಇರುವೆಗೆ ಸಕ್ಕರೆ ಹಾಕ್ತಾ ಕೂತಿದ್ದೀಯಲ್ಲ, ಕರುಳಿಲ್ವಾ ನಿಂಗೆ' ಅಂತ. ಪ್ರತಿ ವರ್ಷ ಕೂಗ್ತಿದ್ದೆ. ದೊಡ್ಡೋನಾದ ಮೇಲೂ ಕೂಗಿದ್ದೀನಿ."

"ಅವಳು ಏನಂತಿದ್ಲು?"

ಫರ್ಮಿನ್ ಟೊಪ್ಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡ. "ನಗ್ತಿದ್ಲು, ನಾನು ತಮಾಷೆ ಮಾಡ್ತೀನಿ ಅಂದ್ಕೊಂಡು. 'ನೀವೇ ಕೆಳಗೆ ಬನ್ರೋ' ಅಂತಿದ್ಲು. ನಾನು ಊಟಕ್ಕೆ ಕರೀತಾಳೆ ಅಂದ್ಕೊಂಡೆ." ಅಷ್ಟು ಹೇಳಿ ಅರವತ್ತು ದಾಟಿದ ಆ ಗಂಡಸು ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತ. ವರ್ಲಿನ್ ಲಾರಿಯಲ್ಲಿ ಏನೋ ಹುಡುಕುವವನಂತೆ ಆಚೆ ಹೋದ.

ಕಟಾಲಿನ್ ಅಣ್ಣನ ಪಕ್ಕ ಮರಳಿನ ಮೇಲೆ ಕೂತಳು. ಅವಳಿಗೂ ದುಃಖ ಉಕ್ಕಿತು, ಜೊತೆಗೆ ವಿಚಿತ್ರವಾದ ಒಂದು ಸಂತೋಷ. "ಅಂದ್ರೆ ನಾವು ಪ್ರತಿ ವರ್ಷ ಇಲ್ಲಿ ರೊಟ್ಟಿ ತಿಂದಿದ್ದೀವಿ," ಎಂದಳು. "ಅಕ್ಕನ ಪಕ್ಕದಲ್ಲೇ. ನೀನು ಸಾಸೇಜಿಗೆ ಜಗಳ ಮಾಡಿದ್ದೆಲ್ಲ ಪಾಸ್ಕಲಿನ್ ಕೇಳಿಸ್ಕೊಂಡಿದ್ದಾಳೆ."

ಫರ್ಮಿನ್ ಅಳುತ್ತಲೇ ನಕ್ಕ. "ಜಗಳ ತೆಗೀತಿದ್ದವಳು ನೀನು."

ಸಂಜೆಯ ಹೊತ್ತಿಗೆ ಗುಂಡಿ ಬೇಕಾದ ಆಳಕ್ಕೆ ಬಂತು. ದಿಬ್ಬದ ಮೇಲಿನ ಅರೆಗುಂಡಿಯನ್ನು ವರ್ಲಿನ್ ಹೋಗಿ ಮುಚ್ಚಿ ಬಂದ. ಕಟಾಲಿನ್ ಜೇಬಿನಿಂದ ಮಣಿ ತೆಗೆದು, ನಾಳೆ ಇದನ್ನು ಅಮ್ಮನ ಗಂಟಿನ ದಾರಕ್ಕೆ ಪೋಣಿಸೋಣವೆ ಎಂದು ಕೇಳಿದಳು.

ಫರ್ಮಿನ್ ತಲೆಯಾಡಿಸಿದ. "ಬೇಡ. ಅದು ಮಗೂಗೆ ಕೊಟ್ಟಿದ್ದು."

ಅವನೇ ಮಣಿಯನ್ನು ಇಸಿದುಕೊಂಡು ಗುಡ್ಡೆಯ ಬುಡದಲ್ಲಿಟ್ಟ. ಬುತ್ತಿಯಿಂದ ಒಂದು ಸಕ್ಕರೆ ಗಟ್ಟಿ ತೆಗೆದು, ಅಮ್ಮ ಮಾಡುತ್ತಿದ್ದ ಹಾಗೆ ಎರಡು ಬೆರಳಲ್ಲಿ ಪುಡಿ ಮಾಡಿ ಉದುರಿಸಿದ. ಇಬ್ಬರೂ ಮೊಣಕೈ ಊರಿ ಹೊಟ್ಟೆಯ ಮೇಲೆ ಮಲಗಿ, ಚಿಕ್ಕಂದಿನಂತೆ ಕಾದರು. ಇರುವೆಗಳು ಸಕ್ಕರೆಗೆ ಮುತ್ತಿದವು. ಒಂದು ಮಾತ್ರ ಸಕ್ಕರೆ ಬಿಟ್ಟು ಮಣಿಯ ಸುತ್ತ ತಿರುಗಿತು, ತೂತಿನ ಅಂಚನ್ನು ಕಚ್ಚಿ ಹಿಡಿಯಿತು, ಹಿಂದೆ ಹಿಂದೆ ನಡೆಯುತ್ತ ಎಳೆಯತೊಡಗಿತು.

"ಒಳಗೆ ಒಯ್ಯುತ್ತಾ, ಮೇಲಿಡುತ್ತಾ?" ಎಂದು ಫರ್ಮಿನ್ ಪಿಸುಗುಟ್ಟಿದ.

"ನೋಡೋಣ ಇರು," ಎಂದಳು ಕಟಾಲಿನ್.

ಮಣಿ ಎರಡು ಸಲ ಜಾರಿ ಬಿತ್ತು. ಇರುವೆ ಎರಡು ಸಲವೂ ಕೆಳಗಿಳಿದು ಬಂತು.